ಎರಡು ಕ್ಯಾಮೆರಾ, ಒಂದು ಇಳಕಲ್ ಸೀರೆ: ಬಣ್ಣವನ್ನೂ ಎಳೆಯನ್ನೂ ಹೋಲಿಸಿ ನೋಡುವ ಬಗೆ

ಸೀರೆ ಫೋಟೊ ತೆಗೆಯುವುದು ನನ್ನ ಕೆಲಸ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಅನ್ನುವ ರವಿಕೆ ಬಟ್ಟೆ, ಆಗೊಮ್ಮೆ ಈಗೊಮ್ಮೆ ಮೈಸೂರು ಸಿಲ್ಕ್. ನನ್ನ ಹತ್ತಿರ ಎರಡು ಕ್ಯಾಮೆರಾ ಇವೆ. ಒಂದು 2012ರಲ್ಲಿ ಬಂದ ಕ್ಯಾನನ್ 6ಡಿ, ಇನ್ನೊಂದು 2016ರ ಫ್ಯೂಜಿಫಿಲ್ಮ್ ಎಕ್ಸ್-ಟಿ2. ಎರಡೂ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಹಾಗಾಗಿ ಇವನ್ನು ಕೊಳ್ಳಬೇಕೆಂದಿರುವವರು ಬಂದು ಕೇಳುವುದು ಒಂದೇ ಮಾತು: ‘ಯಾವುದರಲ್ಲಿ ಬಣ್ಣ ಚೆನ್ನಾಗಿ ಬರುತ್ತೆ?’

ಚೆನ್ನಾಗಿ ಅಂದರೆ ಹೇಗೆ? ನೋಡಲು ಸೊಗಸಾಗಿಯೋ, ಸೀರೆ ಇದ್ದ ಹಾಗೆಯೋ? ದೂರದ ಊರಲ್ಲಿ ಕೂತು ಮೊಬೈಲಿನಲ್ಲಿ ನೋಡಿ ದುಡ್ಡು ಕಳಿಸುವವರಿಗೆ ಎರಡನೆಯದೇ ಬೇಕು. ಪೊಟ್ಟಣ ಬಿಚ್ಚಿದಾಗ ಬಣ್ಣ ಬೇರೆ ಕಂಡರೆ ಸೀರೆ ವಾಪಸ್ ಬರುತ್ತದೆ. ಆ ನಷ್ಟ ನೇಯ್ದವರ ಮನೆಗೆ. ಅದಕ್ಕೇ ನಾನು ಹೋಲಿಕೆ ಮಾಡುವಾಗ ಎರಡು ಫೋಟೊಗಳನ್ನು ಒಂದಕ್ಕೊಂದು ಹೋಲಿಸುವುದಿಲ್ಲ. ಎರಡನ್ನೂ ಎದುರಿಗಿರುವ ಬಟ್ಟೆಗೆ ಹೋಲಿಸುತ್ತೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಕ್ಯಾನನ್ ಬಣ್ಣ’, ‘ಫ್ಯೂಜಿ ಬಣ್ಣ’ ಅಂತ ನಾವು ಕರೆಯುವುದರಲ್ಲಿ ಬಹುಪಾಲು ಕ್ಯಾಮೆರಾದ್ದಲ್ಲ. ಬೆಳಕಿನದು, ವೈಟ್ ಬ್ಯಾಲೆನ್ಸಿನದು (ಬಿಳಿ ಬಿಳಿಯಾಗಿಯೇ ಕಾಣುವಂತೆ ಹೊಂದಿಸುವುದು), ಎಕ್ಸ್‌ಪೋಷರಿನದು (ಒಳಗೆ ಬಿಡುವ ಬೆಳಕಿನ ಪ್ರಮಾಣ), ಸಾಫ್ಟ್‌ವೇರ್ ಹಾಕುವ ಪ್ರೊಫೈಲಿನದು (ಬಣ್ಣಗಳನ್ನು ಹೇಗೆ ತೋರಿಸಬೇಕೆಂಬ ಸೂತ್ರ). ಇವನ್ನೆಲ್ಲ ಒಂದೊಂದಾಗಿ ಕಳೆಯುತ್ತಾ ಹೋಗಬೇಕು. ಕೊನೆಗೆ ಉಳಿಯುವುದು ಸ್ವಲ್ಪ. ಆ ಸ್ವಲ್ಪದ ಮೇಲೆಯೇ ಯಾವ ಕ್ಯಾಮೆರಾ ಅಂತ ತೀರ್ಮಾನಿಸಬೇಕು.

ಮೇಜಿನ ಮೇಲೆ ಏನಿರಬೇಕು

ನಿಮ್ಮ ಕೆಲಸದಲ್ಲಿ ತೊಂದರೆ ಕೊಡುವ ವಸ್ತುಗಳನ್ನೇ ಇಡಿ. ಹೂದಾನಿ, ಬಣ್ಣದ ಪೆನ್ಸಿಲ್ ಇಟ್ಟು ತೆಗೆದರೆ ಎಲ್ಲ ಕ್ಯಾಮೆರಾಗಳೂ ಪಾಸಾಗುತ್ತವೆ.

ನಾನು ಇಡುವುದು ಇವು. ಕೆಂಪು ರೇಷ್ಮೆಯ ಟೋಪ ತೆನಿ ಸೆರಗು (ಇಳಕಲ್ ಸೀರೆಯ ಸಾಂಪ್ರದಾಯಿಕ ಸೆರಗು), ಅದರಲ್ಲಿ ಕೆಂಪಿನ ಪಕ್ಕದಲ್ಲೇ ಬಿಳಿ ಇರುತ್ತದೆ. ಬದನೆಕಾಯಿ ಬಣ್ಣದ ರೇಷ್ಮೆ ತುಂಡು. ರಾಮಾ ಗ್ರೀನ್ (ನೀಲಿ ಬೆರೆತ ಹಸಿರು) ತುಂಡು ಒಂದು. ಸಣ್ಣ ಹೂವಿನ ಖಣ. ಒಗೆದ ಬಿಳಿ ಹತ್ತಿ ಬಟ್ಟೆ. ಕಪ್ಪು ಪಾಲಿಯೆಸ್ಟರ್ ತುಂಡು. ಜರಿ ಇರುವ ಅಂಚು. ಇವುಗಳ ಜೊತೆ 18 ಶೇಕಡಾ ಗ್ರೇ ಕಾರ್ಡ್ (ಬಿದ್ದ ಬೆಳಕಿನಲ್ಲಿ ಅಷ್ಟು ಭಾಗ ಮರಳಿಸುವ ಬೂದು ಹಲಗೆ), ಒಂದು ಸ್ಟೀಲ್ ಸ್ಕೇಲ್, ಸಿಕ್ಕರೆ ಗೊತ್ತಾದ ಬಣ್ಣಗಳ 24 ಚೌಕಗಳಿರುವ ಕಲರ್ ಚೆಕರ್ ಚಾರ್ಟ್. ಈ ಚಾರ್ಟ್ 1976ರಿಂದ ಇದೆ. ದುಬಾರಿ ಅನ್ನಿಸಿದರೆ ಸ್ನೇಹಿತರ ಹತ್ತಿರ ಒಂದು ದಿನಕ್ಕೆ ಕೇಳಿ ತನ್ನಿ. ಗ್ರೇ ಕಾರ್ಡ್ ಮಾತ್ರ ಸ್ವಂತದ್ದೇ ಇರಲಿ.

ಬಿಳಿ ಬಟ್ಟೆಯ ಮೇಲೆ ವೈಟ್ ಬ್ಯಾಲೆನ್ಸ್ ಮಾಡಬೇಡಿ. ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಕಿಟಕಿ ಬೆಳಕಿನಲ್ಲಿ ಒಂದು ಬಿಳಿ, ಎಲ್‌ಇಡಿಯಲ್ಲಿ ಇನ್ನೊಂದು ಬಿಳಿ. ಅದನ್ನು ನಂಬಿ ಸರಿ ಮಾಡಿದರೆ ಮಿಕ್ಕ ಸೀರೆಯೆಲ್ಲ ಹಳದಿಗೆ ತಿರುಗುತ್ತದೆ.

ಕಪ್ಪು ಪಾಲಿಯೆಸ್ಟರ್ ಯಾಕೆ? ಕೆಲವು ಸಿಂಥೆಟಿಕ್ ಕಪ್ಪು ಬಟ್ಟೆಗಳು ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ಮರಳಿಸುತ್ತವೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಮುಂದಿನ ಫಿಲ್ಟರ್ ಅದನ್ನು ಪೂರ್ತಿ ತಡೆಯದಿದ್ದರೆ ಕಪ್ಪು ಬಟ್ಟೆ ಕಂದು ನೇರಳೆಯಾಗುತ್ತದೆ. 2006ರ ಲೈಕಾ ಎಂ8ನಲ್ಲಿ ಇದು ದೊಡ್ಡ ಸುದ್ದಿಯಾಗಿ, ಕಂಪನಿಯೇ ಲೆನ್ಸಿಗೆ ಹಾಕುವ ಫಿಲ್ಟರ್ ಕೊಡಬೇಕಾಯಿತು. ಈಗಿನ ಕ್ಯಾಮೆರಾಗಳಲ್ಲಿ ಇದು ಅಪರೂಪ. ಆದರೂ ಒಂದು ತುಂಡು ಇಡುವುದರಲ್ಲಿ ಕಷ್ಟವೇನೂ ಇಲ್ಲ.

ಬೆಳಕು

ಹೊರಗಿನ ಬೆಳಕಿನಲ್ಲಿ ಹೋಲಿಕೆ ಮಾಡಬೇಡಿ. ಒಂದು ಮೋಡ ಹಾದುಹೋದರೆ ಸಾಕು, ನೀವು ಕ್ಯಾಮೆರಾದ ವ್ಯತ್ಯಾಸ ಅಂದುಕೊಂಡದ್ದು ಮೋಡದ್ದಾಗಿರುತ್ತದೆ. ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಒಂದೇ ಬಗೆಯ ದೀಪ ಹಾಕಿ. ಗೋಡೆ ಗಿಳಿ ಹಸಿರು ಇದ್ದರೆ ಅದರ ಛಾಯೆ ಬಟ್ಟೆಯ ಮೇಲೆ ಬೀಳುತ್ತದೆ, ಬಿಳಿ ಥರ್ಮೋಕೋಲ್ ಅಡ್ಡ ಇಡಿ.

ದೀಪ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಸಿಆರ್‌ಐ 95 (ದೀಪದಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕಿ) ಅಂತ ಬರೆದದ್ದಷ್ಟನ್ನೇ ನೋಡಬೇಡಿ. ಆ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕಿ ಇದೆ. ಕೆಂಪು ಸೆರಗಿನ ಫೋಟೊ ತೆಗೆಯುವವರು ಅದನ್ನೇ ಕೇಳಬೇಕು. ಮನೆಯ ಮಾಮೂಲಿ ಎಲ್‌ಇಡಿಯಲ್ಲಿ ಗಾಢ ಕೆಂಪು ಬೆಳಕೇ ಕಡಿಮೆ. ದೀಪದಲ್ಲಿ ಇಲ್ಲದ ಕೆಂಪನ್ನು ಯಾವ ಕ್ಯಾಮೆರಾ ತಾನೇ ತೋರಿಸೀತು?

ಬೆಳಕು ಬದಲಾಗಿಲ್ಲ ಅನ್ನುವುದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಮೊದಲು 6ಡಿಯಲ್ಲಿ ತೆಗೆಯಿರಿ. ಆಮೇಲೆ ಎಕ್ಸ್-ಟಿ2ನಲ್ಲಿ. ಮತ್ತೆ 6ಡಿಯಲ್ಲಿ. ಮೊದಲನೆಯದೂ ಮೂರನೆಯದೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಆ ಸುತ್ತನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ತೆಗೆಯಿರಿ.

ಸೆಟ್ಟಿಂಗ್

ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್, 6ಡಿಯಲ್ಲಿ ಲೈವ್ ವ್ಯೂ (ಹಿಂಬದಿಯ ಪರದೆಯಲ್ಲಿ ನೋಡುವುದು). ಪರದೆಯ ಚಿತ್ರವನ್ನು ದೊಡ್ಡದು ಮಾಡಿ ಫೋಕಸನ್ನು ಕೈಯಲ್ಲೇ ಹೊಂದಿಸಿ. ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹಿಡಿದು ಐದಾರು ಫೋಟೊ ತೆಗೆದು, ಅದರಲ್ಲಿ ಅತಿ ಚೂಪಾದದ್ದನ್ನು ಇಟ್ಟುಕೊಳ್ಳಿ. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಸೆನ್ಸರಿನ ಮೇಲೆ ಅಪವಾದ ಬರುತ್ತದೆ.

ನಾನು 6ಡಿಗೆ 50 ಮಿ.ಮೀ. ಲೆನ್ಸನ್ನು ಎಫ್ 8ರಲ್ಲಿ (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ), ಎಕ್ಸ್-ಟಿ2ಗೆ 35 ಮಿ.ಮೀ. ಲೆನ್ಸನ್ನು ಎಫ್ 5.6ರಲ್ಲಿ ಇಡುತ್ತೇನೆ. ಎಕ್ಸ್-ಟಿ2ನ ಸೆನ್ಸರ್ ಚಿಕ್ಕದು. ಅದರಲ್ಲಿ 35 ಮಿ.ಮೀ. ಲೆನ್ಸ್ ನೋಡುವಷ್ಟು ಅಗಲವನ್ನೇ 6ಡಿಯಲ್ಲಿ 50 ಮಿ.ಮೀ. ಹತ್ತಿರ ಹತ್ತಿರ ನೋಡುತ್ತದೆ. ‘ಒಂದೇ ಲೆನ್ಸ್ ಅಡಾಪ್ಟರ್ ಹಾಕಿ ಎರಡಕ್ಕೂ ಬಳಸಬೇಕಲ್ವಾ?’ ಅಂತ ಕೇಳುವವರಿದ್ದಾರೆ. ಸೆನ್ಸರನ್ನಷ್ಟೇ ಅಳೆಯುವುದಾದರೆ ಹೌದು. ನಾಳೆ ಅಂಗಡಿಯಲ್ಲಿ ಕೆಲಸ ಮಾಡುವುದು ಕ್ಯಾಮೆರಾ ಮತ್ತು ಅದರ ಲೆನ್ಸ್ ಎರಡೂ ಸೇರಿ. ಹಾಗಾಗಿ ನನಗೆ ಜೋಡಿಯ ಫಲಿತಾಂಶ ಬೇಕು.

‘ಸಹಾಯ’ ಮಾಡುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಕ್ಯಾನನ್‌ನಲ್ಲಿ ಆಟೊ ಲೈಟಿಂಗ್ ಆಪ್ಟಿಮೈಸರ್ ಮತ್ತು ಹೈಲೈಟ್ ಟೋನ್ ಪ್ರಯಾರಿಟಿ. ಫ್ಯೂಜಿಯಲ್ಲಿ ಡೈನಾಮಿಕ್ ರೇಂಜ್ ಆಟೊ ಬೇಡ, ಡಿಆರ್100 ಇರಲಿ. ಡಿಆರ್200, ಡಿಆರ್400 ಇಟ್ಟರೆ ರಾ ಫೈಲಿಗೇ (ಸೆನ್ಸರಿನ ಕಚ್ಚಾ ದಾಖಲೆ) ಬೆಳಕು ಕಡಿಮೆ ಬೀಳುತ್ತದೆ. ರಾ ಮತ್ತು ಜೆಪೆಗ್ (ಕ್ಯಾಮೆರಾವೇ ಸಂಸ್ಕರಿಸಿ ಕೊಡುವ ಫೋಟೊ) ಎರಡೂ ಉಳಿಯಲಿ. 6ಡಿ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100ರಲ್ಲಿ, ಎಕ್ಸ್-ಟಿ2 ಐಎಸ್ಒ 200ರಲ್ಲಿ. ಅವೇ ಅವುಗಳ ಮೂಲ ಮಟ್ಟ.

ಐಎಸ್ಒ, ಶಟರ್, ಎಫ್ ಅಂಕಿ ಒಂದೇ ಇಟ್ಟರೂ ಎರಡು ಕ್ಯಾಮೆರಾಗಳಲ್ಲಿ ಹೊಳಪು ಒಂದೇ ಬರುವುದಿಲ್ಲ. ಫ್ಯೂಜಿಯ ರಾ ಫೈಲ್ ಸಾಮಾನ್ಯವಾಗಿ ಕೊಂಚ ಕಪ್ಪು. ಹೊಳಪು ಜಾಸ್ತಿ ಇದ್ದ ಫೋಟೊ ಕಣ್ಣಿಗೆ ಯಾವಾಗಲೂ ಮೇಲು ಅನಿಸುತ್ತದೆ, ಬಣ್ಣವೂ ಬೇರೆಯಾಗುತ್ತದೆ. ಹಾಗಾಗಿ ಅಂಕಿ ಬಿಟ್ಟು ಗ್ರೇ ಕಾರ್ಡ್ ಹಿಡಿಯಿರಿ. ಎಸ್‌ಆರ್‌ಜಿಬಿಯಲ್ಲಿ (ಪರದೆಗಳ ಸಾಮಾನ್ಯ ಬಣ್ಣದ ವ್ಯವಸ್ಥೆ) 18 ಶೇಕಡಾ ಬೂದು ಅಂದರೆ ಆರ್, ಜಿ, ಬಿ (ಕೆಂಪು, ಹಸಿರು, ನೀಲಿ) ಮೂರೂ 118ರ ಆಸುಪಾಸು. ಎರಡೂ ಫೈಲನ್ನು ಅಲ್ಲಿಗೆ ತನ್ನಿ. ವೈಟ್ ಬ್ಯಾಲೆನ್ಸನ್ನೂ ಅದೇ ಕಾರ್ಡಿನ ಮೇಲೆ ಸಾಫ್ಟ್‌ವೇರಿನ ಐಡ್ರಾಪರ್ ಒತ್ತಿ ಸರಿ ಮಾಡಿ. ಎರಡರಲ್ಲೂ 5200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಂತ ಕೂರಿಸಿದರೆ ಪ್ರಯೋಜನವಿಲ್ಲ. ಒಂದು ಕಂಪನಿಯ 5200 ಇನ್ನೊಂದು ಕಂಪನಿಯ 5200 ಆಗಬೇಕೆಂದೇನಿಲ್ಲ.

ಬಣ್ಣ: ಪ್ರೊಫೈಲ್ ಕಳೆದ ಮೇಲೆ

ಜೆಪೆಗ್ ಹೋಲಿಸುವುದಾದರೆ ಸಮಾನವಾದ ಶೈಲಿಗಳನ್ನು ಆರಿಸಿ. ಫ್ಯೂಜಿಯಲ್ಲಿ ಬಣ್ಣ ಗಾಢ ಮಾಡುವ ವೆಲ್ವಿಯಾ ಹಾಕಿ, ಕ್ಯಾನನ್‌ನಲ್ಲಿ ನ್ಯೂಟ್ರಲ್ ಹಾಕಿ ಫ್ಯೂಜಿ ಗೆದ್ದಿತು ಅನ್ನುವುದು ಅನ್ಯಾಯ. ಕ್ಯಾನನ್‌ನ ಫೇಯ್ತ್‌ಫುಲ್ ಶೈಲಿ 5200 ಕೆಲ್ವಿನ್ ಬೆಳಕಿನಲ್ಲಿ ವಸ್ತುವಿನ ಬಣ್ಣಕ್ಕೆ ಹತ್ತಿರ ಬರುವಂತೆ ಮಾಡಿದ್ದು. ಅದರ ಎದುರಿಗೆ ಫ್ಯೂಜಿಯ ಪ್ರೊ ನೆಗ್ ಸ್ಟ್ಯಾಂಡರ್ಡ್ ಅಥವಾ ಪ್ರೊವಿಯಾ ಇಡಬಹುದು.

ನಿಜವಾದ ಹೋಲಿಕೆ ಇರುವುದು ರಾ ಫೈಲಿನಲ್ಲಿ. ಎರಡೂ ಕ್ಯಾಮೆರಾಗಳಲ್ಲಿ ಅದೇ ಬೆಳಕಿನಲ್ಲಿ ಕಲರ್ ಚೆಕರ್ ತೆಗೆದು, ಅದರಿಂದ ಎರಡಕ್ಕೂ ಪ್ರೊಫೈಲ್ ಮಾಡಿ ಹಾಕಿ. ಈ ಹೆಜ್ಜೆಯಾದ ಮೇಲೆ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಅರಿಶಿನ, ಎಲೆ ಹಸಿರು, ಮೈಬಣ್ಣ ಎಲ್ಲ ಹೆಚ್ಚುಕಡಿಮೆ ಒಂದೇ! ಎರಡು ಕಂಪನಿಗಳ ನಡುವೆ ನೀವು ನೋಡುತ್ತಿದ್ದ ದೂರ ಅರ್ಧಕ್ಕಿಂತ ಜಾಸ್ತಿ ಕರಗಿಹೋಗಿರುತ್ತದೆ.

ಈಗ ಕರಗದೆ ಉಳಿದದ್ದನ್ನು ಹುಡುಕಿ. ನನ್ನ ಮೇಜಿನ ಮೇಲೆ ಅದು ಬದನೆಕಾಯಿ ಬಣ್ಣ. ನಮ್ಮ ಕಣ್ಣು ನೇರಳೆಯನ್ನು ನೋಡುವ ಬಗೆಯೇ ಬೇರೆ, ಸೆನ್ಸರಿನ ಮೂರು ಫಿಲ್ಟರ್‌ಗಳು ನೋಡುವ ಬಗೆಯೇ ಬೇರೆ. ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಎರಡು ಬಣ್ಣಗಳು ಸೆನ್ಸರಿಗೆ ಒಂದೇ ಆಗಿ ಬೀಳಬಹುದು. ಒಮ್ಮೆ ಹಾಗೆ ಬಿದ್ದರೆ ಪ್ರೊಫೈಲ್ ಹಾಕಿ ಬಿಡಿಸಲು ಬರುವುದಿಲ್ಲ. ಆದ್ದರಿಂದ ಬದನೆಕಾಯಿ ಬಣ್ಣದ ತುಂಡಿನ ಪಕ್ಕದಲ್ಲಿ ಗಾಢ ನೀಲಿಯ ತುಂಡೊಂದನ್ನು ಇಡಿ. ಪ್ರಶ್ನೆ ‘ನೇರಳೆ ಸರಿಯಾಗಿದೆಯೇ’ ಅನ್ನುವುದಕ್ಕಿಂತ ‘ಈ ಎರಡರ ನಡುವಿನ ಅಂತರ ಬಟ್ಟೆಯಲ್ಲಿ ಇರುವಷ್ಟೇ ಫೋಟೊದಲ್ಲೂ ಇದೆಯೇ’ ಅನ್ನುವುದು. ಅಂತರ ಉಳಿದಿದ್ದರೆ ಬಣ್ಣವನ್ನು ಆಮೇಲೆ ಸರಿ ಮಾಡಬಹುದು. ಅಂತರವೇ ಹೋಗಿದ್ದರೆ ಏನೂ ಮಾಡಲಾಗುವುದಿಲ್ಲ.

ರಾಮಾ ಗ್ರೀನ್ ವಿಷಯ ಬೇರೆ. ಗಾಢವಾದ ರಾಮಾ ಗ್ರೀನ್ ಎಸ್‌ಆರ್‌ಜಿಬಿಯ ಎಲ್ಲೆಯಿಂದ ಆಚೆ ಇರಬಹುದು. ಆಗ ಎರಡೂ ಕ್ಯಾಮೆರಾ ಸರಿಯಾಗಿ ಹಿಡಿದರೂ ಪರದೆ ತೋರಿಸುವುದಿಲ್ಲ. ಅದಕ್ಕೆ ಕ್ಯಾಮೆರಾವನ್ನು ಬೈಯಬೇಡಿ.

ಕೆಂಪು ಸೆರಗು

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಭಾಗದ ಸೀರೆಗಳಲ್ಲಿ ಕ್ಯಾಮೆರಾ ಸೋಲುವುದು ಹೆಚ್ಚಾಗಿ ಇಲ್ಲೇ.

ನೇಯುವವರ ಮನೆಯಲ್ಲಿ ಒಬ್ಬ ಅಜ್ಜಿ ನನ್ನ ಲ್ಯಾಪ್‌ಟಾಪ್ ನೋಡಿ ಹೇಳಿದರು: ‘ಕೆಂಪು ಖರೇ ಐತ್ರಿ ಅಕ್ಕಾರ, ಆದ್ರ ರೇಷ್ಮಿ ಕಾಣವಲ್ದು.’ ಅವರ ಮಾತು ಅಕ್ಷರಶಃ ನಿಜ. ಬಣ್ಣ ಸರಿ ಇತ್ತು, ಎಳೆ ಇರಲಿಲ್ಲ. ಸೆರಗು ಕೆಂಪು ಕಾಗದದ ಹಾಳೆಯಂತೆ ಚಪ್ಪಟೆಯಾಗಿ ಕಾಣುತ್ತಿತ್ತು.

ಇದಕ್ಕೆ ಮೂರು ಕಾರಣಗಳಿವೆ. ಹೋಲಿಸುವಾಗ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು.

ಮೊದಲನೆಯದು ಕೆಂಪು ಚಾನೆಲ್ ತುಂಬಿ ಹರಿಯುವುದು. ಒಟ್ಟು ಹೊಳಪಿನ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗೆ ಹೊಳಪು ಹೇಗೆ ಹಂಚಿದೆ ಎಂದು ತೋರಿಸುವ ಗ್ರಾಫ್) ನಡುವೆ ಆರಾಮವಾಗಿ ಕೂತಿರುತ್ತದೆ, ಕೆಂಪಿನದು ಮಾತ್ರ ಬಲಗೋಡೆಗೆ ಬಡಿದಿರುತ್ತದೆ. ಆರ್‌ಜಿಬಿ ಹಿಸ್ಟೋಗ್ರಾಮನ್ನೇ ನೋಡಿ. ಕ್ಯಾಮೆರಾದ ಹಿಸ್ಟೋಗ್ರಾಮ್ ಜೆಪೆಗ್‌ನಿಂದ ಬರುವುದು, ಹಾಗಾಗಿ ಕೊನೆಯ ಮಾತು ಕಂಪ್ಯೂಟರಿನಲ್ಲಿ ತೆರೆದ ರಾ ಫೈಲಿನದು. ಪ್ರತಿ ಕ್ಯಾಮೆರಾದಲ್ಲೂ ಗ್ರೇ ಕಾರ್ಡಿಗೆ ಸರಿಯಾದ ಎಕ್ಸ್‌ಪೋಷರ್ ಒಂದು, ಆಮೇಲೆ ಮೂರನೇ ಒಂದು ಸ್ಟಾಪ್ ಕಡಿಮೆ, ಮೂರನೇ ಎರಡು ಕಡಿಮೆ, ಒಂದು ಸ್ಟಾಪ್ ಕಡಿಮೆ (ಅಂದರೆ ಅರ್ಧ ಬೆಳಕು), ಹೀಗೆ ತೆಗೆಯಿರಿ. ಯಾವ ಹಂತದಲ್ಲಿ ಎಳೆ ಮರಳಿ ಕಾಣುತ್ತದೆ ಅಂತ ಬರೆದಿಟ್ಟುಕೊಳ್ಳಿ. ಎರಡು ಕ್ಯಾಮೆರಾಗಳಲ್ಲಿ ಆ ಹಂತ ಬೇರೆ ಇದ್ದರೆ, ಅದು ನಿಮ್ಮ ಕೆಲಸಕ್ಕೆ ನೇರವಾಗಿ ಉಪಯೋಗಕ್ಕೆ ಬರುವ ವ್ಯತ್ಯಾಸ.

ಎರಡನೆಯದು ಪ್ರೊಫೈಲ್. ರಾ ಫೈಲಿನಲ್ಲಿ ಎಳೆ ಇದ್ದರೂ ಪ್ರೊಫೈಲ್ ಕೆಂಪನ್ನು ಎತ್ತಿ ಹಿಡಿದು ಸೂಕ್ಷ್ಮವನ್ನು ಅಳಿಸಿಬಿಡುತ್ತದೆ. ಪತ್ತೆ ಮಾಡುವುದು ಸುಲಭ. ನ್ಯೂಟ್ರಲ್ ಅಥವಾ ಲೀನಿಯರ್ ಪ್ರೊಫೈಲಿಗೆ ಬದಲಾಯಿಸಿ. ಎಳೆ ಕಂಡರೆ ಸೆನ್ಸರ್ ನಿರಪರಾಧಿ. ಲೈಟ್‌ರೂಮ್ ಸಾಫ್ಟ್‌ವೇರ್ ಇಲ್ಲದವರು ಡಾರ್ಕ್‌ಟೇಬಲ್ ಅಥವಾ ರಾ ಥೆರಪಿಯಲ್ಲಿ ಇದನ್ನು ಮಾಡಬಹುದು, ಎರಡೂ ಉಚಿತ.

ಮೂರನೆಯದು ಸೆನ್ಸರಿನ ಕಟ್ಟಡದಲ್ಲೇ ಇದೆ. ಸೆನ್ಸರಿನ ಪ್ರತಿ ಪಿಕ್ಸೆಲ್ ಒಂದೇ ಬಣ್ಣ ನೋಡುತ್ತದೆ. 6ಡಿಯಲ್ಲಿರುವ ಬೇಯರ್ ಜೋಡಣೆಯಲ್ಲಿ ನಾಲ್ಕು ಪಿಕ್ಸೆಲ್‌ಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಎಕ್ಸ್-ಟಿ2ನ ಎಕ್ಸ್-ಟ್ರಾನ್ಸ್ ಜೋಡಣೆಯಲ್ಲಿ 36 ಪಿಕ್ಸೆಲ್‌ಗೆ 20 ಹಸಿರು, 8 ಕೆಂಪು, 8 ನೀಲಿ. ಅಪ್ಪಟ ಕೆಂಪು ಬಟ್ಟೆಯಿಂದ ಹಸಿರು, ನೀಲಿ ಪಿಕ್ಸೆಲ್‌ಗಳಿಗೆ ಬೆಳಕು ಬೀಳುವುದೇ ಅಷ್ಟಿಷ್ಟು. ಎಳೆಯ ವಿವರ ಬರಬೇಕಾದದ್ದು ಮುಖ್ಯವಾಗಿ ಕೆಂಪು ಪಿಕ್ಸೆಲ್‌ಗಳಿಂದ. ಅಂದರೆ ಒಂದರಲ್ಲಿ ಕಾಲು ಭಾಗ, ಇನ್ನೊಂದರಲ್ಲಿ ಶೇಕಡಾ 22. ಪೆಟ್ಟಿಗೆಯ ಮೇಲಿನ 20 ಮೆಗಾಪಿಕ್ಸೆಲ್, 24 ಮೆಗಾಪಿಕ್ಸೆಲ್ ಲೆಕ್ಕ ಕೆಂಪು ಸೆರಗಿನ ಮೇಲೆ ನಡೆಯುವುದಿಲ್ಲ. ಆದ್ದರಿಂದ ವಿವರ ಹೋಲಿಸುವಾಗ ಕಪ್ಪು-ಬಿಳಿ ಅಕ್ಷರದ ಕಾಗದ ಒಂದನ್ನೇ ನೋಡಿ ತೀರ್ಮಾನ ಕೊಡಬೇಡಿ. ಟೋಪ ತೆನಿಯ ಬಿಳಿ ಭಾಗ ನೋಡಿ, ಪಕ್ಕದ ಕೆಂಪು ಭಾಗವನ್ನೂ ನೋಡಿ. ಒಂದೇ ಫೋಟೊದಲ್ಲಿ ಎರಡಕ್ಕೂ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ಗೊತ್ತಾಗುತ್ತದೆ.

ಜೆಪೆಗ್‌ನಲ್ಲಿ ನಾಯ್ಸ್ ರಿಡಕ್ಷನ್ (ಫೋಟೊದಲ್ಲಿನ ಕಾಳುಕಾಳು ಅಳಿಸುವ ಆಯ್ಕೆ) ಕೂಡ ಕೆಂಪಿನ ಮೇಲೆಯೇ ಮೊದಲು ಕೈ ಹಾಕುವಂತೆ ಕಾಣುತ್ತದೆ. ಕಡಿಮೆ ಕಾಂಟ್ರಾಸ್ಟ್ ಇರುವ ಎಳೆಯನ್ನು ಅದು ನಾಯ್ಸ್ ಅಂದುಕೊಂಡು ಸವರಿಬಿಡುತ್ತದೆ. ಎಕ್ಸ್-ಟಿ2ನಲ್ಲಿ ಅದನ್ನು -4ಕ್ಕೆ ಇಳಿಸಿ, 6ಡಿಯಲ್ಲಿ ಆಫ್ ಮಾಡಿ, ಆಮೇಲೆ ಹೋಲಿಸಿ.

ಎಳೆ ಮತ್ತು ಮೊಯ್ರೆ

ಖಣದ ಫೋಟೊದಲ್ಲಿ ಒಮ್ಮೊಮ್ಮೆ ಬಟ್ಟೆಯಲ್ಲಿ ಇಲ್ಲದ ಕಾಮನಬಿಲ್ಲಿನ ಅಲೆಗಳು ಏಳುತ್ತವೆ. ಅದೇ ಮೊಯ್ರೆ. ಎಳೆಗಳ ಸಾಲೂ ಪಿಕ್ಸೆಲ್‌ಗಳ ಸಾಲೂ ಹತ್ತಿರ ಹತ್ತಿರ ಒಂದೇ ಅಳತೆಗೆ ಬಂದಾಗ ಹೀಗಾಗುತ್ತದೆ. 6ಡಿಯ ಸೆನ್ಸರಿನ ಮುಂದೆ ಚಿತ್ರವನ್ನು ತುಸು ಮೆದು ಮಾಡಿ ಇದನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಇದೆ. ಎಕ್ಸ್-ಟಿ2ನಲ್ಲಿ ಇಲ್ಲ, ಎಕ್ಸ್-ಟ್ರಾನ್ಸ್ ಜೋಡಣೆಯೇ ಸಾಕು ಅನ್ನುವುದು ಫ್ಯೂಜಿಯ ವಾದ. ವಾದ ತಕ್ಕಮಟ್ಟಿಗೆ ನಿಲ್ಲುತ್ತದೆ, ಆದರೆ ನೇಯ್ಗೆಯ ಬಟ್ಟೆಯ ಮುಂದೆ ಪೂರ್ತಿ ನಿಲ್ಲುವುದಿಲ್ಲ.

ಇದನ್ನು ಲೆಕ್ಕ ಹಾಕಿಯೇ ಪರೀಕ್ಷಿಸಬಹುದು. ಸ್ಕೇಲ್ ಇಟ್ಟು ಭೂತಗನ್ನಡಿಯಲ್ಲಿ ಎಳೆ ಎಣಿಸಿ. ಒಂದು ಸೆಂಟಿಮೀಟರಿಗೆ 40 ಎಳೆ ಇವೆ ಅಂದುಕೊಳ್ಳಿ. ಫ್ರೇಮಿನ ಅಗಲಕ್ಕೆ 60 ಸೆಂ.ಮೀ. ಬಟ್ಟೆ ತುಂಬಿಸಿದರೆ 2400 ಎಳೆ. ಎಕ್ಸ್-ಟಿ2 ಫೋಟೊದ ಅಗಲ 6000 ಪಿಕ್ಸೆಲ್, ಒಂದು ಎಳೆಗೆ 2.5 ಪಿಕ್ಸೆಲ್ ಸಿಗುತ್ತದೆ. 6ಡಿಯದು 5472, ಒಂದು ಎಳೆಗೆ ಸುಮಾರು 2.3. ಎಳೆಯನ್ನೂ ಅದರ ಪಕ್ಕದ ಸಂದನ್ನೂ ಬೇರೆಯಾಗಿ ತೋರಿಸಲು ಕನಿಷ್ಠ 2 ಬೇಕು. ಈಗ ಹಿಂದೆ ಸರಿದು 80 ಸೆಂ.ಮೀ. ತುಂಬಿಸಿ. ಎಳೆ 3200. ಎಕ್ಸ್-ಟಿ2ಗೆ ಸುಮಾರು 1.9, 6ಡಿಗೆ 1.7. ಎರಡೂ ಎಲ್ಲೆ ದಾಟಿದವು. 6ಡಿ ಎಳೆಯನ್ನು ಮೆದುವಾಗಿ ಕಳೆದುಬಿಡುತ್ತದೆ, ಎಕ್ಸ್-ಟಿ2ನಲ್ಲಿ ಅಲೆ ಏಳಬಹುದು. ಹತ್ತು ಹತ್ತು ಸೆಂಟಿಮೀಟರ್ ಅಗಲ ಹೆಚ್ಚಿಸುತ್ತಾ ಫೋಟೊ ತೆಗೆದು, ಯಾವ ಅಗಲದಲ್ಲಿ ಏನಾಗುತ್ತದೆ ಅಂತ ನೋಡಿ. ಬಟ್ಟೆಯನ್ನು ಒಂದಿಷ್ಟು ಓರೆ ಮಾಡಿಯೂ ನೋಡಿ, ಅಲೆಯ ಆಕಾರ ಬದಲಾಗುತ್ತದೆ.

ಶಾರ್ಪ್‌ನೆಸ್ ವಿಷಯದಲ್ಲಿ ಸಮ ಅಂಕಿ ಅಂದರೆ ಸಮ ನ್ಯಾಯ ಅಲ್ಲ. ಲೋ-ಪಾಸ್ ಫಿಲ್ಟರ್ ಇರುವ 6ಡಿ ಫೈಲಿಗೆ ಜಾಸ್ತಿ ಬೇಕು. ಎಕ್ಸ್-ಟಿ2 ಫೈಲಿಗೆ ಲೈಟ್‌ರೂಮ್‌ನಲ್ಲಿ ಅಷ್ಟೇ ಕೊಟ್ಟರೆ ಎಳೆಗಳು ಹುಳು ಹರಿದಾಡಿದ ಹಾಗೆ ಕಾಣತೊಡಗುತ್ತವೆ. 2019ರಲ್ಲಿ ಎನ್‌ಹ್ಯಾನ್ಸ್ ಡೀಟೇಲ್ಸ್ ಹೆಸರಿನಲ್ಲಿ ಬಂದ, ಈಗ ರಾ ಡೀಟೇಲ್ಸ್ ಅನ್ನುವ ಆಯ್ಕೆ ಹಾಕಿದರೆ ಎಷ್ಟೋ ವಾಸಿ. ಪ್ರತಿ ಫೈಲನ್ನೂ ಅಂಚಿನಲ್ಲಿ ಬಿಳಿ ಗೆರೆ ಮೂಡುವ ಮುಂಚಿನ ಮಟ್ಟಕ್ಕೆ ತಂದು ನಿಲ್ಲಿಸಿ, ಆಮೇಲೆ ಎದುರುಬದುರು ಇಡಿ.

ನೋಡುವಾಗ

ದೊಡ್ಡ ಫೈಲನ್ನು ಚಿಕ್ಕದರ ಅಳತೆಗೆ ಇಳಿಸಿ. 6000ವನ್ನು 5472ಕ್ಕೆ. ನೂರು ಶೇಕಡಾ ಜೂಮ್‌ನಲ್ಲಿ ಹಾಗೇ ಹೋಲಿಸಿದರೆ ಜಾಸ್ತಿ ಪಿಕ್ಸೆಲ್ ಇದ್ದದ್ದಕ್ಕೆ ಸುಮ್ನೆ ಶಿಕ್ಷೆಯಾಗುತ್ತದೆ. ಆಮೇಲೆ ನಿಮ್ಮ ಕೊನೆಯ ಅಳತೆಗೂ ಇಳಿಸಿ ನೋಡಿ. ಕ್ಯಾಟಲಾಗಿಗೆ 1500 ಪಿಕ್ಸೆಲ್ ಸಾಕಾದರೆ ಎರಡರ ಚೂಪು ಒಂದೇ ಆಗಿಬಿಡುತ್ತದೆ. ಆದರೆ ಮೂಲದಲ್ಲಿ ಮೊಯ್ರೆ ಎದ್ದಿದ್ದರೆ ಚಿಕ್ಕದು ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಪೂರ್ತಿ ಸೀರೆಯ ಫೋಟೊಕ್ಕೆ ನಾನು 6ಡಿಯನ್ನೇ ಇಡುತ್ತೇನೆ. ಜರಿ, ಖಣದ ಹೂವು, ಕೊಂಡಿ ಹಾಕಿ ಸೆರಗು ಜೋಡಿಸಿದ ಗೆರೆ, ಇಂಥ ಹತ್ತಿರದ ಫೋಟೊಗಳಿಗೆ ಎಕ್ಸ್-ಟಿ2. ಅಲ್ಲಿ ಎಳೆ ಪಿಕ್ಸೆಲ್‌ಗಿಂತ ಎಷ್ಟೋ ದೊಡ್ಡದು, ಫಿಲ್ಟರ್ ಇಲ್ಲದ ಸೆನ್ಸರಿನ ಚೂಪು ಪೂರ್ತಿ ಸಿಗುತ್ತದೆ.

ಎರಡನ್ನೂ ಒಂದೇ ಪರದೆಯಲ್ಲಿ ನೋಡಿ. ಆಗುವುದಾದರೆ ಪರದೆಯನ್ನು ಕ್ಯಾಲಿಬ್ರೇಟ್ ಮಾಡಿಸಿ. ಫೈಲಿಗೆ ಕ್ಯಾಮೆರಾದ ಹೆಸರು ಬೇಡ, ಬರೀ ಅ, ಆ ಅಂತ ಇಡಿ. ಬಟ್ಟೆಯನ್ನು ಅದೇ ದೀಪದ ಕೆಳಗೆ ಪಕ್ಕದಲ್ಲಿ ಹರವಿ, ನೇಯ್ದವರನ್ನೋ ಅಂಗಡಿಯಲ್ಲಿ ದಿನವೂ ಸೀರೆ ಬಿಚ್ಚಿ ತೋರಿಸುವವರನ್ನೋ ಕರೆದು ಕೂರಿಸಿ. ‘ಯಾವುದು ಚೆಂದ?’ ಅಂತ ಕೇಳಬೇಡಿ. ‘ಈ ಸೀರೆ ಯಾವುದರಲ್ಲಿದೆ?’ ಅಂತ ಕೇಳಿ. ಅವರು ತೋರಿಸಿದ ಭಾಗದ ಮೇಲೆ ಜೂಮ್ ಮಾಡಿ, ಯಾಕೆ ಅಂತ ನೀವೇ ಹುಡುಕಿ.

ಪ್ರೊಫೈಲ್ ಫೈಲಿನ ಹೆಸರಿನಲ್ಲಿ ದೀಪದ ಹೆಸರನ್ನೂ ಸೇರಿಸಿ ಉಳಿಸಿ. ದೀಪ ಬದಲಿಸಿದ ದಿನ ಎರಡೂ ಕ್ಯಾಮೆರಾಗಳಿಗೆ ಚಾರ್ಟ್ ಹೊಸದಾಗಿ ತೆಗೆಯಬೇಕು.